ಬಾಪನ ತಕ್ಕಡಿ ಮತ್ತು ನನ್ನ ಸ್ಪ್ಯಾನರ್

ನನ್ನ ಬಾಪನಿಗೆ ಬಂಟ್ವಾಳ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ಜೀನಸಿನ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೊಲ್ಹಾಪುರಕ್ಕೆ ಬಂದು ಹದಿಮೂರು ವರ್ಷವಾಯಿತು. ಊರಿಗೆ ಹೋದಾಗ "ಅಲ್ಲಿ ನಿನಗೆ ಎಂತ ಕೆಲಸ?" ಎಂದು ಕೇಳುವವರು ಈಗಲೂ ಇದ್ದಾರೆ. "ಫೌಂಡ್ರಿಯಲ್ಲಿ" ಎಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. "ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವುದು" ಎಂದು ಎರಡೂ ಕೈಯಲ್ಲಿ ಹೊಯ್ದು ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಹೇಳಿದ್ದು ಅದೇ ಮಾತು. ಆದರೆ ಕೈ ಸೇರಿದ ಮೇಲೆ ಮಾತ್ರ ಅದು ಎದುರಿನವರಿಗೆ ಮುಟ್ಟಿತು. ಇದು ಯಾಕೆ ಹೀಗೆ ಎಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೇನೆ. ಕಳೆದ ವರ್ಷ ಬಾಪನ ಕೈಕಾಲಿಗೆ ಆದದ್ದನ್ನು ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನಿಸಿತು.

ನಾನು ಐದನೇ ಕ್ಲಾಸಿನಲ್ಲಿ ಇರುವಾಗಲೇ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂರುತ್ತಿದ್ದೆ. ಆಗ ನಮ್ಮಲ್ಲಿ ಕಬ್ಬಿಣದ ದಂಡಿಗೆಯ ತಕ್ಕಡಿ. ತೂಕದ ಕಲ್ಲುಗಳು ಎನ್ನುತ್ತಿದ್ದೆವು, ಇದ್ದದ್ದು ಕಬ್ಬಿಣದ್ದೇ. ಪ್ರತಿ ಕಲ್ಲಿನ ಅಡಿಯಲ್ಲಿ ಒಂದು ತೂತು, ಅದರಲ್ಲಿ ಸೀಸ ತುಂಬಿ ಮೇಲೆ ಇಲಾಖೆಯ ಮುದ್ರೆ. ಎರಡು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಬಾಪ ಆ ಕೆಲಸವನ್ನು ಒಮ್ಮೆಯೂ ತಪ್ಪಿಸಿದವರಲ್ಲ.

ನನಗೆ ತೂಗಲು ಕೊಡುವ ಮೊದಲು ಅವರು ಕೈಯಲ್ಲಿ ಹಿಡಿಸುತ್ತಿದ್ದರು. ಎಡಗೈಗೆ ಒಂದು ಕಿಲೋ ಕಲ್ಲು, ಬಲಗೈಗೆ ಸಕ್ಕರೆಯ ಪೊಟ್ಟಣ. "ಯಾವುದು ಹೆಚ್ಚು?" ನಾನು ಹೇಳಬೇಕು. ಆಮೇಲೆ ತಕ್ಕಡಿಗೆ ಇಟ್ಟು ನೋಡುವುದು. ಒಂದು ತಿಂಗಳಲ್ಲಿ ಐವತ್ತು ಗ್ರಾಂ ಕಡಿಮೆ ಇದ್ದರೆ ನನ್ನ ಕೈಗೆ ಗೊತ್ತಾಗುತ್ತಿತ್ತು. ಆದರೆ ಐವತ್ತು ಕಿಲೋ ಅಕ್ಕಿಯ ಗೋಣಿಯಿಂದ ಐವತ್ತು ಗ್ರಾಂ ತೆಗೆದರೆ ಹೊರುವ ಬೆನ್ನಿಗೆ ಅದು ಗೊತ್ತಾಗುವುದೇ ಇಲ್ಲ. ಇದಕ್ಕೆ ಒಂದು ನಿಯಮ ಇದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಜರ್ಮನಿಯ ಅರ್ನ್ಸ್ಟ್ ವೆಬರ್ ಎಂಬ ವಿಜ್ಞಾನಿ 19ನೇ ಶತಮಾನದಲ್ಲೇ ಜನರ ಕೈಗೆ ತೂಕ ಕೊಟ್ಟು ಪರೀಕ್ಷಿಸಿದ್ದರು. ಕೈಗೆ ಗೊತ್ತಾಗುವುದು ಎಷ್ಟು ಗ್ರಾಂ ವ್ಯತ್ಯಾಸ ಎಂಬುದಲ್ಲ, ಹಿಡಿದ ತೂಕದ ಎಷ್ಟನೇ ಪಾಲು ವ್ಯತ್ಯಾಸ ಎಂಬುದು. ಎತ್ತಿ ನೋಡಿದ ತೂಕಕ್ಕೆ ಅದು ಸುಮಾರು ನಲವತ್ತರಲ್ಲಿ ಒಂದು ಪಾಲು.

ನೀವೂ ಗಮನಿಸಿರಬಹುದು, ದುಡ್ಡಿನ ವಿಷಯದಲ್ಲೂ ನಮ್ಮ ಮನಸ್ಸು ಹೀಗೆಯೇ. ಹತ್ತು ರೂಪಾಯಿಯ ಬಿಸ್ಕತ್ತು ಹನ್ನೆರಡಾದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ಎರಡು ಸಾವಿರದ ಬಿಲ್ಲಿನಲ್ಲಿ ಎರಡು ರೂಪಾಯಿ ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಎರಡು ರೂಪಾಯಿ ಎಂಬುದು ಎರಡೂ ಕಡೆ ಎರಡೇ ರೂಪಾಯಿ. ಆದರೂ ಬೆಲೆಯನ್ನು ನಾವು ಲೆಕ್ಕದಿಂದ ಅಳೆಯುವ ಮೊದಲು ಕೈಯಲ್ಲಿ ತೂಗಿ ನೋಡಿದ ಹಾಗೆ ಅಳೆಯುತ್ತೇವೆ. "ಬೆಲೆ ಭಾರ ಆಯಿತು" ಎಂದು ಹೇಳುವುದೂ ಹಾಗೆಯೇ.

ಇಷ್ಟೆಲ್ಲ ತೂಗಿದ ಹುಡುಗ ನಾನು, ಡಿಪ್ಲೊಮಾಕ್ಕೆ ಸೇರಿದ ಮೊದಲ ವರ್ಷ 'ಮೊಮೆಂಟ್' ಎಂಬ ಪಾಠದಲ್ಲಿ ಫೇಲಾದೆ. ಬಲವನ್ನು ದೂರದಿಂದ ಗುಣಿಸಿದರೆ ಮೊಮೆಂಟ್. ಬೋರ್ಡಿನಲ್ಲಿ ಬರೆದದ್ದನ್ನು ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ, ಲೆಕ್ಕ ಬದಲಾಯಿಸಿ ಕೊಟ್ಟರೆ ಬರಲಿಲ್ಲ. ಬಲ ಎಂದರೆ ತಿಳಿಯುತ್ತದೆ, ದೂರ ಎಂದರೆ ತಿಳಿಯುತ್ತದೆ. ಎರಡನ್ನೂ ಗುಣಿಸಿದರೆ ಬರುವ ವಸ್ತು ಯಾವುದು? ಅದನ್ನು ಎಲ್ಲಿ ಮುಟ್ಟಿ ನೋಡುವುದು? ಕೇಳಲು ಧೈರ್ಯ ಸಾಲದೆ, ಸಪ್ಲಿಮೆಂಟರಿಯಲ್ಲಿ ಹೇಗೋ ಪಾಸಾದೆ.

ಒಂದು ರಜೆಯಲ್ಲಿ ಅಂಗಡಿಯಲ್ಲಿ ಕೂತಿದ್ದಾಗ ತಕ್ಕಡಿಯ ಒಂದು ಬದಿಯ ಕೊಕ್ಕೆ ಸವೆದು ಸ್ವಲ್ಪ ಒಳಗೆ ಜಾರಿತ್ತು. ಎರಡೂ ಕಡೆ ಒಂದೊಂದು ಕಿಲೋ ಇಟ್ಟರೂ ದಂಡಿಗೆ ವಾಲುತ್ತಿತ್ತು. ಬಾಪ ಅದನ್ನು ನೋಡಿ, "ಕಲ್ಲು ಸರಿ ಉಂಟು, ಕೈ ಗಿಡ್ಡ ಆಗಿದೆ" ಎಂದು ಬ್ಯಾರಿಯಲ್ಲಿ ಹೇಳಿ ರಿಪೇರಿಗೆ ಕಳಿಸಿದರು. ಕೈ ಗಿಡ್ಡ ಆಗಿದೆ! ಅಷ್ಟೇ. ಅದೇ ಮೊಮೆಂಟ್. ತಕ್ಕಡಿ ತೂಗುವುದು ಬರೀ ತೂಕವನ್ನಲ್ಲ, ತೂಕ ಮತ್ತು ದೂರ ಎರಡನ್ನೂ ಸೇರಿಸಿ. ನಾನು ಹತ್ತು ವರ್ಷ ಕೈಯಲ್ಲಿ ಹಿಡಿದಿದ್ದ ವಸ್ತುವನ್ನು ಕಾಲೇಜಿನಲ್ಲಿ ಗುರುತಿಸಿರಲಿಲ್ಲ. ಏಕೆಂದರೆ ಅಲ್ಲಿ ಅದು ಬೇರೆ ಭಾಷೆಯಲ್ಲಿ, ಬೇರೆ ಅಂಗಿ ಹಾಕಿಕೊಂಡು ಬಂದಿತ್ತು.

ನಮ್ಮಂಥ ಬ್ಯಾರಿ ಮಕ್ಕಳಿಗೆ ಈ ಭಾಷೆಯ ಕತೆ ಇನ್ನೂ ಸ್ವಲ್ಪ ಜಾಸ್ತಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಾಲೇಜಿನಲ್ಲಿ ಇಂಗ್ಲಿಷ್, ಈಗ ಕೆಲಸದಲ್ಲಿ ಮರಾಠಿ ಮತ್ತು ಹಿಂದಿ. ನಾನು ಡ್ರಾಯಿಂಗ್ ಓದುವುದು ಇಂಗ್ಲಿಷಿನಲ್ಲಿ, ಜಗಳ ಆಡುವುದು ಮರಾಠಿಯಲ್ಲಿ. ಆದರೆ ಪೆಟ್ಟಿಗೆಯಲ್ಲಿ ಬೋಲ್ಟ್ ಎಣಿಸುವಾಗ ಇಂದಿಗೂ ಬ್ಯಾರಿಯಲ್ಲೇ ಎಣಿಸುತ್ತೇನೆ. ತೆಂಗಿನಕಾಯಿ ಎಣಿಸಿ ಎಣಿಸಿ ಕೈ ಕಲಿತದ್ದು ಆ ಭಾಷೆಯಲ್ಲಿ. ಕೈ ತನ್ನ ಭಾಷೆಯನ್ನು ಬಿಟ್ಟುಕೊಡುವುದಿಲ್ಲ.

ಕೊಲ್ಹಾಪುರ ಎಂದರೆ ಹೊರಗಿನವರಿಗೆ ಅಂಬಾಬಾಯಿ ದೇವಸ್ಥಾನ, ಚಪ್ಪಲಿ, ತಾಂಬಡಾ ರಸ್ಸಾ. ನಮಗೆ ಶಿರೋಲಿ, ಗೋಕುಲ್ ಶಿರಗಾಂವ್ ಕೈಗಾರಿಕಾ ಪ್ರದೇಶಗಳು. ಹಿಂದೆ ಹೊಲದ ಆಯಿಲ್ ಇಂಜಿನ್ ಮಾಡುತ್ತಿದ್ದ ಊರು, ಈಗ ವಾಹನಗಳಿಗೆ ಎರಕದ ಭಾಗಗಳನ್ನು ಕಳಿಸುತ್ತದೆ. ನಾನು ಮೊದಲು ಸೇರಿದ ಫೌಂಡ್ರಿಯಲ್ಲಿ ಮರಳಿನ ಪರೀಕ್ಷೆಗೆ ಲ್ಯಾಬ್ ಇತ್ತು. ಅಚ್ಚಿನ ಮರಳಿಗೆ ಬೆಂಟೋನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಸೇರಿಸುತ್ತಾರೆ. ನೀರು ಶೇಕಡಾ ಮೂರೂವರೆಯ ಆಸುಪಾಸು ಇರಬೇಕು. ಹೆಚ್ಚಾದರೆ ಉಗಿ ಎದ್ದು ಎರಕದಲ್ಲಿ ಗುಳ್ಳೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಲ್ಯಾಬಿನ ರಿಪೋರ್ಟ್ ಬರುವ ಮೊದಲೇ ಹಳೆಯ ಮೋಲ್ಡರ್ ಒಬ್ಬರು ಒಂದು ಹಿಡಿ ಮರಳು ತೆಗೆದು ಮುಷ್ಟಿಯಲ್ಲಿ ಹಿಚುಕಿ, ಉಂಡೆಯನ್ನು ಮುರಿದು ಅಂಚು ನೋಡುತ್ತಿದ್ದರು. ಅಂಚು ಚೂಪಾಗಿ ಮುರಿದರೆ ಸರಿ. ಬೆರಳಿಗೆ ಅಂಟಿದರೆ ನೀರು ಹೆಚ್ಚು. ಅವರು 'ಮಾಯಿಶ್ಚರ್ ಪರ್ಸೆಂಟೇಜ್' ಎಂಬ ಮಾತನ್ನು ಬಳಸಿದವರೇ ಅಲ್ಲ. ನಾನು ಆ ಮಾತನ್ನು ಮೊದಲ ದಿನದಿಂದ ಬಳಸಿದೆ, ಆದರೆ ಆರು ತಿಂಗಳು ಹಿಚುಕಿದ ಮೇಲೆಯೇ 'ಮೂರೂವರೆ' ಎಂದರೆ ನನ್ನ ಅಂಗೈಯಲ್ಲಿ ಒಂದು ತಂಪು, ಒಂದು ಬಿಗಿ ಎಂದು ಗೊತ್ತಾದದ್ದು.

ಇನ್ನು ನನ್ನ ತಪ್ಪಿನ ಕತೆ ಹೇಳಬೇಕು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆಗ ನಾನು ಬೇರೊಂದು ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸುವ ಜವಾಬ್ದಾರಿಯಲ್ಲಿದ್ದೆ. ಗಡಹಿಂಗ್ಲಜ ತಾಲೂಕಿನ ಹಳ್ಳಿಯಿಂದ ಒಬ್ಬ ಹುಡುಗ ಬಂದ. ಗಡಹಿಂಗ್ಲಜ ಹಿರಣ್ಯಕೇಶಿ ನದಿಯ ದಡದ ಊರು, ಗಡಿ ದಾಟಿದರೆ ನಮ್ಮ ಸಂಕೇಶ್ವರ. ಆ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ ಇದೆ. ನಾನು ಕನ್ನಡದವ ಎಂದು ಗೊತ್ತಾದಾಗ ಅವನ ಮುಖ ಅರಳಿತು. ನನ್ನ ಕನ್ನಡ ಅವನಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಅವನ ಕನ್ನಡ ನನಗೆ ಮೊದಮೊದಲು ಅರ್ಧವೇ ತಿಳಿಯುತ್ತಿತ್ತು.

ಅಚ್ಚಿನಿಂದ ಹೊರಗೆ ಬಂದ ಎರಕ ಮೊದಲು ಕೆಂಪಗಿರುತ್ತದೆ. ಸುಮಾರು 500 ಡಿಗ್ರಿಗಿಂತ ಕೆಳಗೆ ಇಳಿದರೆ ಬಣ್ಣ ಹೋಗಿ ಕಪ್ಪಗಾಗುತ್ತದೆ. ಕಪ್ಪಗಾದ ಮೇಲೂ ಅದು 300, 400 ಡಿಗ್ರಿ ಇರಬಹುದು. ಅಲ್ಲಿ ನಾನೇ ಒಂದು ಬೋರ್ಡ್ ಹಾಕಿಸಿದ್ದೆ: ಮುಟ್ಟಬೇಡಿ, 300 ಡಿಗ್ರಿ ಸೆಲ್ಸಿಯಸ್. ಹುಡುಗನಿಗೆ ಬೋರ್ಡ್ ತೋರಿಸಿ, ಓದಿಸಿ, ತಿಳಿಯಿತಾ ಎಂದು ಕೇಳಿದೆ. "ತಿಳೀತ್ರಿ ಸರ" ಎಂದ. ಸಹಿ ಹಾಕಿಸಿಕೊಂಡೆ. ನಾಲ್ಕನೇ ದಿನ ಅವನು ಹತ್ತಿಯ ಗ್ಲೋವ್ಸ್ ಹಾಕಿಕೊಂಡು ಕಪ್ಪಗಿದ್ದ ಒಂದು ಎರಕವನ್ನು ಎತ್ತಿದ.

ಅಂಗೈ ಚರ್ಮ ಗ್ಲೋವ್ಸಿಗೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅವನ ಅಪ್ಪ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ನೀವ್ ಹೇಳಿದ್ರಂತಲ್ರಿ ಸಾಹೇಬ್ರ, ಇವಗ ತಿಳೀಲಿಲ್ಲ" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅವನಿಗೆ ಗೊತ್ತಿದ್ದ ಬಿಸಿ ಕೆಂಪು ಬಣ್ಣದ್ದು, ಕೆಂಡದ್ದು, ಒಲೆಯದ್ದು. ಮುನ್ನೂರು ಎಂಬುದು ಅವನಿಗೆ ಬರೀ ಒಂದು ಅಂಕೆ. ಸಂಬಳದಲ್ಲಿ ಮುನ್ನೂರು ಎಂದರೆ ಸಣ್ಣ ಮೊತ್ತ, ಅಲ್ಲವೇ? ನಾನು ಸಹಿ ತೆಗೆದುಕೊಂಡದ್ದು ಅವನ ಓದಿಗೆ.

ಆಮೇಲೆ ನಾನು ಪದ್ಧತಿ ಬದಲಾಯಿಸಿದೆ. ಹೊಸಬರು ಬಂದ ಮೊದಲ ದಿನ ಬೋರ್ಡ್ ಓದಿಸುವ ಮೊದಲು ಒಂದು ಕಪ್ಪು ಎರಕದ ಮುಂದೆ ನಿಲ್ಲಿಸುತ್ತೇನೆ. ಒಂದು ಮೊಳ ದೂರದಲ್ಲಿ ಅಂಗೈ ಒಡ್ಡಿ ನಿಲ್ಲಬೇಕು. ಆಮೇಲೆ ಮಗ್ಗಿನಿಂದ ನಾಲ್ಕು ಹನಿ ನೀರು ಎರಚಬೇಕು. ಹನಿಗಳು ಒಮ್ಮೆಗೇ ಆವಿಯಾಗುವುದಿಲ್ಲ, ಗೋಲಿಯ ಹಾಗೆ ಉರುಳಿ ಓಡುತ್ತವೆ. ತೀರಾ ಬಿಸಿ ಇದ್ದಾಗ ಹನಿಯ ಅಡಿಯಲ್ಲಿ ಉಗಿಯ ಪದರ ಹುಟ್ಟಿ ಅದನ್ನು ಮೇಲೆತ್ತಿ ಹಿಡಿಯುತ್ತದೆ. ಲೈಡನ್‌ಫ್ರಾಸ್ಟ್ ಎಂಬವರು ಇದನ್ನು 1756ರಲ್ಲೇ ಬರೆದಿಟ್ಟರು. ನನ್ನ ಉಮ್ಮ ನೀರುದೋಸೆಯ ಕಾವಲಿಗೆ ನೀರು ಚಿಮುಕಿಸಿ ನೋಡುವುದೂ ಇದನ್ನೇ. ಮರಳಿ ಕೆಲಸಕ್ಕೆ ಬಂದ ಗಡಹಿಂಗ್ಲಜದ ಹುಡುಗ ಅದನ್ನು ನೋಡಿ ಹೇಳಿದ: "ಅಯ್ಯ, ಭಾಕರಿ ತವಾ ಕಾದಂಗ ಕಾದೈತ್ರಿ ಇದು. ಅವತ್ತ ಹಿಂಗ ತೋರ್ಸಿದ್ರ ನಾ ಮುಟ್ತಿರಲಿಲ್ರಿ." ಅವನು ನನ್ನ ಮೇಲೆ ದೂರು ಹೇಳಲಿಲ್ಲ, ಇದ್ದದ್ದನ್ನು ಹೇಳಿದ ಅಷ್ಟೆ. ನನಗೆ ಉತ್ತರ ಕೊಡಲು ಆಗಲಿಲ್ಲ.

ಬೋಲ್ಟ್ ಬಿಗಿ ಮಾಡುವುದನ್ನು ಅವನಿಗೆ ಕಲಿಸುವಾಗ ನಾನು ಎಚ್ಚರವಾಗಿದ್ದೆ. 10 ಮಿಲಿಮೀಟರಿನ ಬೋಲ್ಟಿಗೆ ಅಲ್ಲಿ 45 ನ್ಯೂಟನ್ ಮೀಟರ್ ಬೇಕಿತ್ತು. ಈ ಮಾತು ಹೇಳಿದರೆ ಅವನಿಗೆ ಮತ್ತೆ ಬರೀ ಅಂಕೆ. ನಾನು ಕೂತು ಲೆಕ್ಕ ಹಾಕಿದೆ. ಕಾಲು ಮೀಟರ್ ಉದ್ದದ ಸ್ಪ್ಯಾನರ್ ಆದರೆ ತುದಿಯಲ್ಲಿ ಸುಮಾರು 18 ಕಿಲೋ ತೂಕ ನೇತುಹಾಕಿದ ಹಾಗೆ. ಸ್ಪ್ಯಾನರನ್ನು ಅಡ್ಡವಾಗಿ ನಿಲ್ಲಿಸಿ, ತುದಿಗೆ ಒಂದು ಚೀಲ ಕಟ್ಟಿ ಅದರಲ್ಲಿ 18 ಕಿಲೋ ಎರಕದ ತುಂಡು ಹಾಕಿ ತೋರಿಸಿದೆ. ಆಮೇಲೆ ಅದೇ ಬಿಗಿ ಬರುವ ತನಕ ಅವನ ಕೈಯ ಮೇಲೆ ನನ್ನ ಕೈ ಇಟ್ಟು ಎಳೆಸಿದೆ. ಬಾಪ ನನ್ನ ಕೈಗೆ ಕಲ್ಲು ಕೊಟ್ಟ ಹಾಗೆ. ಮೂರು ದಿನದಲ್ಲಿ ಅವನಿಗೆ ಬಂತು.

ಹಾಗೆಂದು ಕೈಯನ್ನೇ ಪೂರ್ತಿ ನಂಬಬಾರದು. ಬೋಲ್ಟಿನ ಎಳೆಗೆ ಎಣ್ಣೆ ತಾಗಿದ್ದರೆ ಕೈಗೆ ಅದೇ ಬಿಗಿ ಅನಿಸುತ್ತದೆ, ಒಳಗೆ ಬೋಲ್ಟ್ ಹೆಚ್ಚು ಎಳೆದುಕೊಂಡು ತುಂಡಾಗುವ ಹಂತಕ್ಕೆ ಬಂದಿರಬಹುದು. ಏಕೆಂದರೆ ನಾವು ಹಾಕುವ ಶಕ್ತಿಯ ಬಹುಪಾಲು ತಿಕ್ಕಾಟಕ್ಕೇ ಹೋಗುತ್ತದೆ. ಕೈಯ ಮೋಸ ಅಂಗಡಿಯಲ್ಲೂ ಉಂಟು. ಒಂದು ಕಿಲೋ ಒಣಮೆಣಸಿನ ಚೀಲ ಮತ್ತು ಒಂದು ಕಿಲೋ ಕಬ್ಬಿಣದ ಕಲ್ಲು ಎರಡನ್ನೂ ಎತ್ತಿ ನೋಡಿ. ತೂಕ ಒಂದೇ ಎಂದು ಗೊತ್ತಿದ್ದರೂ ಕಲ್ಲೇ ಭಾರ ಅನಿಸುತ್ತದೆ. ದೊಡ್ಡದು ಭಾರ ಇರಬೇಕು ಎಂದು ದೇಹ ಮೊದಲೇ ಸಿದ್ಧವಾಗಿ ಎತ್ತುತ್ತದೆ, ಅಂದುಕೊಂಡಷ್ಟು ಇಲ್ಲದಾಗ ಹಗುರ ಅನಿಸುತ್ತದೆ. ಫ್ರಾನ್ಸಿನ ಷಾರ್ಪಾಂತಿಯೇ ಎಂಬ ವೈದ್ಯರು 1891ರಲ್ಲಿ ಈ ಬಗ್ಗೆ ಬರೆದರು. ತಕ್ಕಡಿ ಇರುವುದೇ ಈ ಕಾರಣಕ್ಕೆ. ಅರ್ಥ ಕೊಡುವುದು ಕೈ, ನ್ಯಾಯ ಕೊಡುವುದು ತಕ್ಕಡಿ. ಎರಡರಲ್ಲಿ ಒಂದನ್ನು ಬಿಟ್ಟರೂ ಅಂಗಡಿ ನಡೆಯುವುದಿಲ್ಲ.

ಕೆಲಸದ ಮೇಲೆ ನಾನು ಇಚಲಕರಂಜಿಗೂ ಹೋಗುತ್ತಿರುತ್ತೇನೆ, ಮಗ್ಗದ ಬಿಡಿಭಾಗಗಳ ಆರ್ಡರಿಗಾಗಿ. ಕೊಲ್ಹಾಪುರದಿಂದ ಸುಮಾರು 30 ಕಿಲೋಮೀಟರ್, ಪಂಚಗಂಗಾ ನದಿಯ ಪಕ್ಕದ ಊರು. 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಇಂದು ಊರಿನ ಗಲ್ಲಿ ಗಲ್ಲಿಯಲ್ಲಿ ಮಗ್ಗದ ಸದ್ದು. ಶೆಡ್ಡಿನ ಒಳಗೆ ಮಾತಾಡಿದರೆ ಕೇಳುವುದಿಲ್ಲ, ಕೆಲಸಗಾರರು ಕೈಸನ್ನೆ, ಬಾಯಿಸನ್ನೆಯಲ್ಲೇ ಮಾತಾಡುತ್ತಾರೆ. ಅಲ್ಲಿ ರಬಕವಿ ಕಡೆಯ ಒಬ್ಬ ಹಿರಿಯ ನೇಕಾರರ ಪರಿಚಯವಾಯಿತು. ಚಹಾಕ್ಕೆ ಹೊರಗೆ ಬಂದಾಗ ನಾನು ಏನೋ ಮಾತಿಗೆ, "ಸುಳ್ಳು ಈಗ ಎಲ್ಲರ ಬದುಕಿನಲ್ಲಿ ಹಾಸುಹೊಕ್ಕಾಗಿದೆ" ಎಂದೆ. ಅವರು ನಕ್ಕು, "ಹಾಸು ಅಂದ್ರ ಏನ್ರಿ, ಹೊಕ್ಕ ಅಂದ್ರ ಏನ್ರಿ?" ಎಂದು ಕೇಳಿದರು. ನನಗೆ ಬರಲಿಲ್ಲ. ಹೈಸ್ಕೂಲಿನಿಂದ ಪ್ರಬಂಧದಲ್ಲಿ ಬರೆಯುತ್ತ ಬಂದ ಪದ!

ಅವರು ಒಳಗೆ ಕರೆದುಕೊಂಡು ಹೋಗಿ ಮಗ್ಗ ನಿಲ್ಲಿಸಿ ತೋರಿಸಿದರು. ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ನೂಲು ಹಾಸು. ಲಾಳಿ ಎಳೆದುಕೊಂಡು ಹೋಗುವ ಅಡ್ಡ ನೂಲು ಹೊಕ್ಕು. ಒಂದರ ಮೇಲೆ, ಒಂದರ ಕೆಳಗೆ ಹೊಕ್ಕು ಹೊಕ್ಕು ಬಂದರೆ ಬಟ್ಟೆ. ನೇಯ್ದ ಮೇಲೆ ಎರಡನ್ನೂ ಬೇರೆ ಮಾಡಬೇಕಾದರೆ ಬಟ್ಟೆಯನ್ನೇ ಹರಿಯಬೇಕು. ಸುಳ್ಳು ಹಾಸುಹೊಕ್ಕಾಗಿದೆ ಎಂದು ಹೇಳುವಾಗ ನಾನು ಎಷ್ಟು ದೊಡ್ಡ ಮಾತು ಹೇಳುತ್ತಿದ್ದೇನೆ ಎಂದು ಅಂದು ಗೊತ್ತಾಯಿತು. ಆ ಪದವನ್ನು ಈಗ ನಾನು ಸುಮ್ಮನೆ ಬಳಸುವುದಿಲ್ಲ.

ಅವರು ಇನ್ನೊಂದು ತೋರಿಸಿದರು. ಹಾಸಿನ ನೂಲಿನ ಮೇಲೆ ಅಂಗೈಯನ್ನು ಹಗುರವಾಗಿ ಒತ್ತಿ ಬಿಟ್ಟರು. ಸಡಿಲಾದರೆ ಲಾಳಿಗೆ ದಾರಿ ತೆರೆಯುವುದಿಲ್ಲ. ಬಿಗುವು ಹೆಚ್ಚಾದರೆ ನೂಲು ಪಟಪಟನೆ ಕಡಿಯುತ್ತದೆ. ಬಿಗುವು ಎಂಬ ಮಾತು ಕೇಳಿ ನನಗೆ ಊರು ನೆನಪಾಯಿತು. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ 'ಬಿಗುವಿನ ವಾತಾವರಣ' ಎಂದು ಎಷ್ಟು ಸಲ ಓದಿದ್ದೇವೆ! ಓದುವವರಿಗೆ ಅದು ಎರಡು ಶಬ್ದ. ಆ ದಿನಗಳಲ್ಲಿ ಬಾಪ ಶಟರನ್ನು ಅರ್ಧ ಎಳೆದು ಕೂರುತ್ತಿದ್ದರು. ಉಮ್ಮ ಹತ್ತು ಸಲ ಬಾಗಿಲಿಗೆ ಬಂದು ನೋಡುತ್ತಿದ್ದರು. ನನಗೆ ಹೆಗಲು, ಕುತ್ತಿಗೆ ಗಟ್ಟಿಯಾಗಿ ನೋಯುತ್ತಿದ್ದದ್ದು ನೆನಪಿದೆ. ಆ ಶಬ್ದದ ಅರ್ಥ ನನಗೆ ನಿಘಂಟಿನಲ್ಲಿ ಸಿಕ್ಕಿದ್ದಲ್ಲ. ಬಿಗುವು ಎಲ್ಲರಿಗೂ ಒಂದೇ ಅಲ್ಲ, ಅದು ಯಾರ ಮೈಯಲ್ಲಿ ಕೂತಿದೆ ಎಂಬುದರ ಮೇಲೆ ಇರುತ್ತದೆ ಎಂದು ಹೇಳಿದರೆ ಕೆಲವರು ಒಪ್ಪುವುದಿಲ್ಲ. ಒಪ್ಪದವರು ಅರ್ಧ ಎಳೆದ ಶಟರಿನ ಒಳಗೆ ಒಂದು ಸಂಜೆ ಕೂತು ನೋಡಬೇಕು.

ನನ್ನ ರೂಮಿನಲ್ಲಿ ಬಿ.ಎಡ್. ಓದುತ್ತಿದ್ದ ಒಬ್ಬ ಗೆಳೆಯನಿದ್ದ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಇಬ್ಬರು 1980ರಲ್ಲಿ ಬರೆದ ಪುಸ್ತಕದ ಬಗ್ಗೆ ಅವನಿಂದ ಕೇಳಿದೆ. ಮನುಷ್ಯ ಕಣ್ಣಿಗೆ ಕಾಣದ ವಿಷಯಗಳನ್ನು ಮೈಗೆ ಗೊತ್ತಿರುವ ವಿಷಯಗಳ ಮೂಲಕ ಯೋಚಿಸುತ್ತಾನೆ, ಅದು ಬರೀ ಅಲಂಕಾರ ಅಲ್ಲ, ಯೋಚನೆಯೇ ಹಾಗೆ ಎಂಬುದು ಅವರ ವಾದ. ನಾನು ನಮ್ಮ ಭಾಷೆಯಲ್ಲಿ ಹುಡುಕುತ್ತ ಹೋದೆ. ಸಾಲದ ಹೊರೆ, ಹಗುರ ಮನಸ್ಸು, ತೂಕದ ಮಾತು, ಇವೆಲ್ಲ ಅಂಗಡಿಯವು. ಹೊಟ್ಟೆಕಿಚ್ಚು ಎಂದು ನಾವು ಹೇಳಿದರೆ, ಅದೇ ಭಾವಕ್ಕೆ ಮರಾಠಿಯವರು 'ಪೋಟಾತ ದುಖತೆ', ಹೊಟ್ಟೆಯಲ್ಲಿ ನೋಯುತ್ತದೆ ಎನ್ನುತ್ತಾರೆ. 'ಪಟ್ಟು ಹಿಡಿದ' ಎಂಬುದು ಕುಸ್ತಿಯ ಮಾತು. ಕೊಲ್ಹಾಪುರದ ಖಾಸಬಾಗ್ ಮೈದಾನದಲ್ಲಿ ಕೆಂಪು ಮಣ್ಣಿನ ಮೇಲೆ ಒಬ್ಬ ಪೈಲ್ವಾನ ಇನ್ನೊಬ್ಬನ ಸೊಂಟಕ್ಕೆ ಹಾಕಿದ ಹಿಡಿತವನ್ನು ಕಾಲು ಗಂಟೆ ಬಿಡದೆ ಇದ್ದದ್ದನ್ನು ನೋಡಿದ ಮೇಲೆ, ನನ್ನ ಅಜ್ಜ ಆಸ್ತಿ ಪಾಲಿನಲ್ಲಿ ಪಟ್ಟು ಹಿಡಿದರು ಎಂದು ಉಮ್ಮ ಹೇಳುವ ಕತೆಗೆ ಬೆವರು ಬಂತು.

ಎಲ್ಲಕ್ಕಿಂತ ಇಷ್ಟವಾದ ಪದ 'ತಿಳಿ'. ಕುಚ್ಚಲಕ್ಕಿ ಗಂಜಿ ಸ್ವಲ್ಪ ಹೊತ್ತು ಇಟ್ಟರೆ ಅಗುಳು ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ತಿಳಿನೀರು, ತಿಳಿಸಾರು. ಕಲಕು ಕೆಳಗೆ ಕೂತರೆ 'ತಿಳಿಯಿತು'. ಆ ಹುಡುಗ "ತಿಳೀತ್ರಿ" ಎಂದಾಗ ನನಗೆ ಪುರುಸೊತ್ತು ಇರಲಿಲ್ಲ. ಕಲಕು ಕೂರುವ ತನಕ ನಾನು ಕಾಯಬೇಕಿತ್ತು.

ಮೆಣಸಿನ ವಿಷಯ ಹೇಳದೆ ಗಡಹಿಂಗ್ಲಜದ ಮಾತು ಮುಗಿಯುವುದಿಲ್ಲ. ಅಲ್ಲಿನ ಮಾರ್ಕೆಟಿಗೆ ಸಂಕೇಶ್ವರಿ ಮೆಣಸು ಬರುತ್ತದೆ. ತೊಟ್ಟು ತೆಗೆಯುವ ಹೆಂಗಸರ ಕೈ ರಾತ್ರಿ ಇಡೀ ಉರಿಯುತ್ತದೆ ಎಂದು ಹುಡುಗನ ತಾಯಿ ಹೇಳಿದ್ದರು. ಇದು ಬಾಯಿಮಾತಿನ ಉರಿ ಅಲ್ಲ. ಮೆಣಸಿನ ಖಾರದ ಅಂಶ ನಮ್ಮ ನರದಲ್ಲಿ ತಾಗುವ ಜಾಗವೂ, ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗುವ ಜಾಗವೂ ಒಂದೇ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೂ, ಒತ್ತಿದಾಗ, ಮುಟ್ಟಿದಾಗ ನರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕಂಡುಹಿಡಿದ ಆರ್ಡಮ್ ಪಟಪೂಟಿಯನ್ ಅವರಿಗೂ ಸೇರಿ 2021ರ ವೈದ್ಯಕೀಯ ನೊಬೆಲ್ ಬಂತು. ಒಂದು ತಕ್ಕಡಿಯ ಎರಡು ಬದಿಯ ಹಾಗೆ, ಬಿಸಿ ಒಬ್ಬರಿಗೆ, ಭಾರ ಇನ್ನೊಬ್ಬರಿಗೆ.

ಈಗ ಬಾಪನ ವಿಷಯ. ಅವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಊರಿಗೆ ಹೋದಾಗ ಅವರ ಬಲಗೈಯ ಎರಡು ಬೆರಳಲ್ಲಿ ಬೊಬ್ಬೆ ನೋಡಿದೆ. ಕೇಳಿದರೆ, "ಎಂತ ಇಲ್ಲ" ಎಂದರು. ಚಹಾದ ಗ್ಲಾಸು ಹಿಡಿದು ಗಿರಾಕಿ ಜೊತೆ ಮಾತಾಡುತ್ತ ನಿಂತಿದ್ದರಂತೆ. ಬಿಸಿ ಗೊತ್ತಾಗಲಿಲ್ಲ. ಗಡಹಿಂಗ್ಲಜದ ಹುಡುಗನ ಅಂಗೈ ನನ್ನ ಕಣ್ಣ ಮುಂದೆ ಬಂತು. ಅವನಿಗೆ ಕೈ ಇತ್ತು, ಅಂಕೆಯ ಅರ್ಥ ಇರಲಿಲ್ಲ. ಇವರಿಗೆ ಅರ್ಥ ಎಲ್ಲ ಇದೆ, ಕೈ ಹೇಳುತ್ತಿಲ್ಲ. ಇಬ್ಬರೂ ಸುಟ್ಟುಕೊಂಡರು.

ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಾಪನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಒಂದು ಗಟ್ಟಿ ನೈಲಾನ್ ಎಳೆಯನ್ನು ಪಾದದ ಅಡಿಗೆ ಅಲ್ಲಲ್ಲಿ ಒತ್ತಿದರು. ಎಳೆ ಬಾಗುವ ತನಕ ಒತ್ತುವುದು, ಗೊತ್ತಾದಾಗ ಹೇಳುವುದು. ಬಾಪ ಸುಮ್ಮನೆ ಮಲಗಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಡಾಕ್ಟ್ರೇ, ಶುರು ಮಾಡಿ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಆರು ಜಾಗ ಒತ್ತಿ ಆಗಿತ್ತು.

ಆಮೇಲೆ ಅವರು ಆ ಎಳೆಯನ್ನು ತೋರಿಸಿ ವಿವರಿಸಿದರು. ಅದು ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವ ಹಾಗೆ ಮಾಡಿದ್ದು. ಅದು ಗೊತ್ತಾಗದಿದ್ದರೆ ಕಾಲಿಗೆ ಗಾಯ ಆದರೂ ಗೊತ್ತಾಗುವುದಿಲ್ಲ, ದಿನಾ ಕಣ್ಣಿನಿಂದ ನೋಡಿಕೊಳ್ಳಬೇಕು. ಬಾಪ ಎದ್ದು ಕೂತು ಎಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. "10 ಗ್ರಾಂ. ನಮ್ಮ ಅಂಗಡಿಯ ಏಲಕ್ಕಿಯ ಸಣ್ಣ ಪೊಟ್ಟಣ ಅಷ್ಟೇ" ಎಂದರು. ನಲವತ್ತು ವರ್ಷ ಗ್ರಾಂ ಲೆಕ್ಕದಲ್ಲಿ ಬದುಕಿದ ಮನುಷ್ಯ. ಬಸ್ಸಿನಲ್ಲಿ ಬರುವಾಗ ಬಿ.ಸಿ. ರೋಡಿನ ತನಕ ಅವರು ಮಾತಾಡಲಿಲ್ಲ.

ಅಂಗಡಿ ಮುಚ್ಚೋಣ ಎಂದು ನಾನೂ ತಮ್ಮನೂ ಹೇಳಿದೆವು. ಮೈಯಿಂದಲೇ ಅರ್ಥ ಹುಟ್ಟುವುದಾದರೆ, ಮೈ ಹೇಳುವುದನ್ನು ನಿಲ್ಲಿಸಿದ ಮೇಲೆ ಅರ್ಥವೂ ಹೋಗಬೇಕಲ್ಲ ಎಂಬುದು ನನ್ನ ಭಯ. ಬಾಪ ಒಪ್ಪಲಿಲ್ಲ. ಮರುದಿನ ನಾನು ಪಕ್ಕದಲ್ಲಿ ಕೂತು ನೋಡಿದೆ. ಅವರು ಅಕ್ಕಿ ಹೊಯ್ಯುವಾಗ ಕೈಯನ್ನು ನಂಬುತ್ತಿರಲಿಲ್ಲ, ತಟ್ಟೆಗೆ ಬೀಳುವ ಸದ್ದು ಕೇಳುತ್ತಿದ್ದರು. ಪೊಟ್ಟಣ ಎತ್ತುವಾಗ ಬೆರಳಲ್ಲ, ಮೊಣಕೈ ಮತ್ತು ಹೆಗಲಿನಿಂದ ತೂಗಿ ನೋಡುತ್ತಿದ್ದರು. ನೋಟು ಎಣಿಸುವಾಗ ಒಂದೊಂದನ್ನೂ ಮೇಜಿನ ಮೇಲೆ ಇಟ್ಟು ಕಣ್ಣಿನಿಂದ ನೋಡುತ್ತಿದ್ದರು. ಎಲೆಕ್ಟ್ರಾನಿಕ್ ತಕ್ಕಡಿ ಹೇಗೂ ಬಂದಿದೆ. ಅಂಕೆ ಬರುವ ಮೊದಲು ಅವರು ಬಾಯಲ್ಲಿ ಹೇಳುತ್ತಿದ್ದರು, ಅಂಕೆ ಹತ್ತಿರ ಹತ್ತಿರವೇ ಬರುತ್ತಿತ್ತು.

ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬವರ ವಿಷಯ ನಾನು ಓದಿದ್ದೆ. 1971ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಒಂದು ಕಾಯಿಲೆಯಿಂದ ಅವರಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ, ಕೈಕಾಲು ಎಲ್ಲಿದೆ ಎಂಬ ಅರಿವೂ ಹೋಯಿತು. ಕಣ್ಣಿನಿಂದ ತನ್ನ ಕೈಕಾಲನ್ನು ನೋಡಿ ನೋಡಿಯೇ ಅವರು ಮತ್ತೆ ನಡೆಯುವುದನ್ನು ಕಲಿತರು. ದೀಪ ಆರಿದರೆ ಬಿದ್ದುಬಿಡುತ್ತಿದ್ದರು. ಬಾಪ ಮಾಡುತ್ತಿದ್ದದ್ದು ಅದರದ್ದೇ ಸಣ್ಣ ರೂಪ. ಕೈ ಕಲಿಸಿ ಹೋದದ್ದನ್ನು ಕಣ್ಣು, ಕಿವಿ, ಹೆಗಲು ಹಂಚಿಕೊಂಡಿದ್ದವು. ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಅವರ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದಿಲ್ಲವೇ, ಹಾಗೆ.

ಅಂಗಡಿ ಮುಚ್ಚಲಿಲ್ಲ. ತಮ್ಮ ತೂಗುತ್ತಾನೆ, ಬಾಪ ಕೂತು ನೋಡುತ್ತಾರೆ. ಸಂಜೆ ಉಮ್ಮ ಅವರ ಎರಡೂ ಪಾದಗಳನ್ನು ದೀಪದ ಕೆಳಗೆ ಹಿಡಿದು ನೋಡುತ್ತಾರೆ. ಚಹಾ ಗ್ಲಾಸಿನಲ್ಲಿ ಬೇಡ, ಹಿಡಿ ಇರುವ ಕಪ್ಪಿನಲ್ಲಿ ಮಾತ್ರ ಎಂದು ನಿಯಮ.

ನಾನು ಹೊರಡುವ ದಿನ ಬಾಪ ಹಳೆಯ ತಕ್ಕಡಿ, ಕಲ್ಲುಗಳನ್ನು ಗುಜರಿಗೆ ಹಾಕಲು ತೆಗೆದಿಟ್ಟಿದ್ದರು. ಈಗ ಕಿಲೋಗ್ರಾಂಗೇ ಕಲ್ಲಿಲ್ಲ ಎಂದು ನಾನು ಅವರಿಗೆ ಹೇಳಿದೆ. ಪ್ಯಾರಿಸ್ ಹತ್ತಿರ ಒಂದು ಲೋಹದ ಉರುಳೆ ಇತ್ತು, ಲೋಕದ ಎಲ್ಲ ಕಿಲೋಗಳಿಗೂ ಅದೇ ಮೂಲ. 2019ರ ಮೇ 20ರಿಂದ ಅದನ್ನು ಬಿಟ್ಟು, ಪ್ರಕೃತಿಯ ಒಂದು ಸ್ಥಿರ ಸಂಖ್ಯೆಯಿಂದ ಲೆಕ್ಕ ಹಾಕುತ್ತಾರೆ. "ಹಾಗಾದರೆ ಅದನ್ನು ಮುಟ್ಟಿ ನೋಡಲು ಆಗುವುದಿಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಯೋಚಿಸಿ, ಒಂದು ಕಿಲೋ ಕಲ್ಲನ್ನು ಎತ್ತಿ ನನ್ನ ಬ್ಯಾಗಿನಲ್ಲಿ ಇಟ್ಟರು. "ಇದು ನಿನ್ನ ಹುಡುಗರಿಗೆ. ಮೊದಲು ಕೈಗೆ ಕೊಡು, ಆಮೇಲೆ ಬೋರ್ಡ್ ಓದಿಸು."

ಗಡಹಿಂಗ್ಲಜದ ಹುಡುಗನ ಕತೆ ನಾನು ಅವರಿಗೆ ಹಿಂದಿನ ರಾತ್ರಿ ಮೊದಲ ಸಲ ಹೇಳಿದ್ದೆ. ಅವರು ಏನೂ ಹೇಳಿರಲಿಲ್ಲ. ಕಲ್ಲು ಈಗ ಕೊಲ್ಹಾಪುರದಲ್ಲಿ ನನ್ನ ಟೂಲ್ ಬಾಕ್ಸಿನಲ್ಲಿದೆ. ಹೊಸಬರು ಬಂದಾಗ ತೆಗೆದುಕೊಡುತ್ತೇನೆ. ಅದನ್ನು ಮೊದಲು ಹಿಡಿಯುವವನು ಆ ಹುಡುಗನೇ, ಏಕೆಂದರೆ ಈಗ ಹೊಸಬರಿಗೆ ಕಲಿಸುವವನು ಅವನು.